ಕತ್ತರಿ ಕೇಳಿಕೊಂಡು ಬಂದವಳು

ತರಬೇತಿಯಲ್ಲಿ ಅವಳನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಅರಳು ಹುರಿದಂತೆ ಮಾತಾಡುವವಳಿಗೆ ಇನ್ನೇನು ಹೆಸರಿಟ್ಟಾರು? ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಮೇಷ್ಟರನ್ನು ತಯಾರು ಮಾಡುವ ಆ ಪುಟ್ಟ ಸಂಸ್ಥೆ ಇದ್ದದ್ದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಸಂಜೆ ಕೆಲಸ ಮುಗಿಸಿ ಬರುವವರಿಗೆ ಪುಕ್ಕಟೆ ಪಾಠ, ಪಾಠ ಹೇಳುವವರೆಲ್ಲ ಹೊಸಬರು, ಆ ಹೊಸಬರನ್ನು ಅಳೆದು ತೂಗಲು ಹಿಂದಿನ ಬೆಂಚಿನಲ್ಲಿ ತರಬೇತಿಯ ಮೇಡಂ.

ಹೋದ ಪಾಠ ಮುಗಿದಾಗ ಮೇಡಂ ಅಂದಿದ್ದರು: "ಪ್ರಶ್ನೆ ನೀನೇ ಕೇಳ್ತೀಯ, ಉತ್ತರ ನೀನೇ ಹೇಳ್ತೀಯ, ಶಭಾಷ್ ಅಂತಾನೂ ನೀನೇ ಅಂತೀಯ. ಪಾಪ, ಅವರು ಯಾಕಮ್ಮ ಬರ್ಬೇಕು? ಮನೇಲೇ ಕನ್ನಡಿ ಮುಂದೆ ನಿಂತ್ಕೋ."

ಇನ್ನೊಂದೇ ಪಾಠ ಉಳಿದಿತ್ತು. ಅದರಲ್ಲೂ ಕಲಿಯುವವರು ಬಾಯಿ ಬಿಡದಿದ್ದರೆ ಸರ್ಟಿಫಿಕೇಟಿಲ್ಲ. ಸರ್ಟಿಫಿಕೇಟಿಲ್ಲದಿದ್ದರೆ ಇದೇ ಸಂಸ್ಥೆಯಲ್ಲಿ ಖಾಲಿ ಬಿದ್ದಿರುವ ಕೆಲಸವೂ ಇಲ್ಲ.

ಅಂಗಡಿ ಆಟ ಆಡಿಸೋಣವೆಂದು ರೇಡಿಯೋ ನಿರ್ಧರಿಸಿದಳು. ಸಂಸ್ಥೆಯ ಬೀರುವಿನಲ್ಲಿದ್ದ ಚಿತ್ರದ ಕಾರ್ಡುಗಳು ಎಷ್ಟು ಕೈ ದಾಟಿದ್ದವೆಂದರೆ ಸೇಬು ಯಾವುದು, ಟೊಮ್ಯಾಟೊ ಯಾವುದು ಎಂದು ಹೇಳಲು ದೇವರೇ ಬರಬೇಕು. ಅದಕ್ಕೇ ಮನೆಯಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿದಳು. ಛತ್ರಿ, ಟಾರ್ಚು, ಬೀಗ, ಜರಡಿ, ಅದರ ಜೊತೆ ಅಮ್ಮನ ದೊಡ್ಡ ಕತ್ತರಿ. ಸಂಸ್ಥೆಯ ಹಿಂದಿನ ಗಲ್ಲಿಯಲ್ಲಿ, ಮನೆಯ ಮುಂಭಾಗದಲ್ಲೇ ದರ್ಜಿ ಅಂಗಡಿ ಇಟ್ಟಿದ್ದ ಅಮ್ಮ ಆಗ ಗುಂಡಿ ತರಲು ಹೋಗಿದ್ದಳು.

ಮೇಜೇ ಅಂಗಡಿಯಾಯಿತು. ಗಡ್ಡದ ಡ್ರೈವರ್ ಅಂಗಡಿಯವನಾದ, ಮಿಕ್ಕವರೆಲ್ಲ ಗಿರಾಕಿಗಳು. ಆಟದ ಬಗೆಯನ್ನು ಇಂಗ್ಲಿಷಿನಲ್ಲಿ ಚುಟುಕಾಗಿ ಹೇಳಿ ರೇಡಿಯೋ ಗೋಡೆಗೆ ಒರಗಿದಳು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಆಸ್ಪತ್ರೆಯ ನರ್ಸಮ್ಮ ಬಂದು ಛತ್ರಿಯತ್ತ ಬೆರಳು ತೋರಿಸಿದಳು. ಡ್ರೈವರ್ ತಲೆಯಾಡಿಸಿ ಎತ್ತಿಕೊಟ್ಟ. ಆಯಿತು ವ್ಯಾಪಾರ. ಮೂಕರ ಸಂತೆ! ರೇಡಿಯೋಗೆ ನಾಲಿಗೆ ನವೆಯಾಡುತ್ತಿತ್ತು.

ಆಗ ಬಾಗಿಲು ತಳ್ಳಿಕೊಂಡು ಅಮ್ಮ ಬಂದಳು. "ಲೇ, ನನ್ನ ಕತ್ತರಿ ಎಲ್ಲೇ? ಅಲ್ಲಿ ಒಂದೇ ತೋಳಿನ ಕೋಟು ಹಾಕ್ಕೊಂಡು ಗಿರಾಕಿ ನಿಂತಿದ್ದಾನೆ!"

ಪಾಠದ ಕೋಣೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದು. ರೇಡಿಯೋ ಏನು ಹೇಳುವುದೆಂದು ಹುಡುಕುವಷ್ಟರಲ್ಲಿ ಡ್ರೈವರ್ ಗಡ್ಡ ಸವರಿಕೊಂಡು ಎದ್ದು ನಿಂತ.

"ವೆಲ್ಕಮ್, ಮೇಡಂ. ವಾಟ್ ಯು ವಾಂಟ್?"

"ಏನಂತಾನೆ ಇವ್ನು? ಅಪ್ಪಾ, ಆ ಕತ್ತರಿ ನಂದು, ಕೊಡು."

"ನೋ, ಮೇಡಂ. ಮೈ ಶಾಪ್, ಮೈ ಸಿಸರ್ಸ್. ವೆರಿ ನ್ಯೂ."

ನ್ಯೂ ಎಂದರೇನೆಂದು ಅಮ್ಮನಿಗೆ ಗೊತ್ತಿತ್ತು. "ಹೊಸದಂತೆ! ನಿನ್ನ ಗಡ್ಡಕ್ಕಿಂತ ಹಳೇದು ಕಣಯ್ಯ ಅದು!"

"ಶಿ ಈಸ್ ರೈಟ್!" ನರ್ಸಮ್ಮ ಛತ್ರಿಯಿಂದ ನೆಲ ಕುಟ್ಟಿದಳು. "ಲುಕ್, ಓಲ್ಡ್! ಯು ಲೈ! ಗಿವ್ ಹರ್!"

ಅಷ್ಟೇ, ಕೋಣೆಯಲ್ಲಿ ಕಟ್ಟೆಯೊಡೆಯಿತು. ಕೆಲವರು ಅಮ್ಮನ ಪರ, ಕೆಲವರು ಅಂಗಡಿಯವನ ಪರ. ಕುಂಟುವ ಇಂಗ್ಲಿಷ್, ತೆವಳುವ ಇಂಗ್ಲಿಷ್, ಆದರೂ ಎಲ್ಲ ಅವರದೇ. ಮೇಡಂ ಪೆನ್ನು ಕೆಳಗಿಟ್ಟು ಗಲ್ಲಕ್ಕೆ ಕೈ ಕೊಟ್ಟು ಕೂತುಬಿಟ್ಟರು.

ಅಮ್ಮ ಮಗಳ ಕಡೆ ತಿರುಗಿದಳು. "ಏನೇ, ಮಿಕಮಿಕ ನೋಡ್ತಾ ನಿಂತಿದ್ದೀಯ! ಹುಟ್ಟಿದಾಗಿಂದ ಮುಚ್ಚದ ಬಾಯಿ, ಈಗೇನು ಹೊಲಿಗೆ ಹಾಕ್ಕೊಂಡ್ಯಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಈಗ ತಾನು ಬಾಯಿ ತೆರೆದರೆ ಎಲ್ಲ ಮುಖಗಳೂ ತನ್ನತ್ತ ತಿರುಗಿ ಮತ್ತೆ ಮೂಕವಾಗುತ್ತವೆ ಎಂದು ರೇಡಿಯೋಗೆ ಗೊತ್ತಿತ್ತು. ಆದರೆ ಅಮ್ಮ ನಗುತ್ತಿರಲಿಲ್ಲ. ಕಿವಿಯ ತುದಿ ಕೆಂಪಾಗಿತ್ತು. ಕೊರಳಲ್ಲಿದ್ದ ಅಳತೆ ಟೇಪನ್ನು ಎರಡೂ ಕೈಯಲ್ಲಿ ಹಿಡಿದು, ಎದುರಿದ್ದ ಒಂದೊಂದೇ ಮುಖವನ್ನು ನೋಡುತ್ತಿದ್ದಳು.

"ಅಮ್ಮ," ಎಂದಳು ರೇಡಿಯೋ, ಮನೆಮಾತಿನಲ್ಲೇ. "ಇದು ಪಾಠ ಕಣಮ್ಮ. ಅರ್ಧ ಜನ ನಿನ್ನ ಪರ ಜಗಳ ಆಡ್ತಿದ್ದಾರೆ. ಕೇಳದೆ ತಂದಿದ್ದು ನನ್ನ ತಪ್ಪು. ತಗೋ."

ಅಮ್ಮ ಕತ್ತರಿ ಇಸಿದುಕೊಂಡು ಸರಸರನೆ ಮೆಟ್ಟಿಲಿಳಿದಳು. ಕೋಣೆ ತಣ್ಣಗಾಯಿತು. ಮುಗಿಯಿತು ಕಥೆ ಎಂದುಕೊಂಡು ರೇಡಿಯೋ ಸ್ಟೂಲಿನ ಮೇಲೆ ಕುಸಿದಳು.

ಡ್ರೈವರ್ ಖಾಲಿ ಜಾಗವನ್ನು ನೋಡಿ ನಿಟ್ಟುಸಿರು ಬಿಟ್ಟ. "ಟೀಚರ್, ಸಿಸರ್ಸ್ ಗಾನ್. ಹೂ ಪೇ ಮಿ?"

"ನೋಬಡಿ!" ಎಂದಳು ನರ್ಸಮ್ಮ. ಸಂತೆ ಮತ್ತೆ ಶುರುವಾಯಿತು.

ಎಲ್ಲರೂ ಹೋದ ಮೇಲೆ ಮೇಡಂ, "ಪಾಸು," ಎಂದರು.

"ಮೇಡಂ, ಅಮ್ಮನ ಹತ್ರ ನಾನು ಇಂಗ್ಲಿಷ್ ಬಿಟ್ಟು..."

"ಮತ್ತೇನು, ಹೆತ್ತೋಳ ಹತ್ರ ಇಂಗ್ಲಿಷ್ ಮಾತಾಡ್ತೀಯಾ? ಅದಕ್ಕಲ್ಲ ನಾನು ಮಾರ್ಕ್ಸ್ ಕಳ್ದಿದ್ದು. ನಿಮ್ಮಮ್ಮನ್ನ ಅಷ್ಟು ಹೊತ್ತು ಏನೂ ಹೇಳದೆ ನಿಲ್ಲಿಸಿದ್ಯಲ್ಲ, ಅದಕ್ಕೆ."

ರೇಡಿಯೋ ಹೋದಾಗ ದರ್ಜಿ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅಮ್ಮ ಮಿಷನ್ ತುಳಿಯುತ್ತಿದ್ದಳು.

"ಪಾಸಾದೆ."

"ಹೂಂ."

"ಬೇಜಾರಾಯ್ತಾ?"

ಬೇರೆ ದಿನವಾಗಿದ್ದರೆ 'ಇಲ್ಲ ಬಿಡು, ನಂಗೊತ್ತು' ಎಂದು ತಾನೇ ಹೇಳಿ ಒಳಗೆ ಹೋಗುತ್ತಿದ್ದಳು. ಇವತ್ತು ಬಾಗಿಲಿಗೆ ಒರಗಿಕೊಂಡೇ ಇದ್ದಳು. ಅಮ್ಮ ಆ ಅಂಚು ಮುಗಿಸಿ ಹಲ್ಲಿನಿಂದ ದಾರ ಕಡಿದಳು.

"ಬೈದಿದ್ರೆ ತಿರುಗಿಸಿ ಬೈತಿದ್ದೆ. ನಗ್ತಿದ್ರಲ್ಲ, ಯಾಕೆ ಅಂತ ತಿಳೀಲಿಲ್ಲ. ನಿನ್ನ ಮುಖ ನೋಡ್ದೆ, ಅದರಲ್ಲೂ ಏನೂ ಸಿಗ್ಲಿಲ್ಲ. ನೀನು ಯಾರದೋ ಮನೆ ಹುಡುಗಿ ಥರ ನಿಂತಿದ್ದೆ."

ಅಮ್ಮ ಬಟ್ಟೆಯನ್ನು ಮೊಣಕಾಲ ಮೇಲೆ ಹರಡಿ ಅಂಗೈಯಿಂದ ನೀವಿದಳು.

"ನನ್ನ ಪರ ಅಂದ್ಯಲ್ಲ, ಏನಂದ್ರು? ಹೇಳು, ನಿಧಾನಕ್ಕೆ."

ರೇಡಿಯೋ ಸ್ಟೂಲು ಎಳೆದುಕೊಂಡು ಕೂತು ಹೇಳಿದಳು.

"ಇನ್ನೊಂದ್ಸಲ," ಎಂದಳು ಅಮ್ಮ.