ಪಟಾಲಮ್ಮನ ಸೊಂಟದ ಪ್ಲಗ್ಗು

ಬೇರೆ ಹೆಂಗಸರು ಬೀಗದ ಕೈಯನ್ನೋ ಎಲೆಯಡಿಕೆ ಚೀಲವನ್ನೋ ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಬೈಯಪ್ಪನಹಳ್ಳಿಯ ಸೌದೆ ಡಿಪೋದ ಪಟಾಲಮ್ಮ ವಿದ್ಯುತ್ ಚೈನ್ ಗರಗಸದ ಪ್ಲಗ್ಗನ್ನು ಸಿಕ್ಕಿಸಿಕೊಳ್ಳುತ್ತಿದ್ದಳು. ಚೈನು ಬಿಗಿ ಮಾಡಬೇಕೋ, ಗಿರಾಕಿ ಮಾತಿಗೆ ನಿಂತನೋ, ಮೊದಲು ವೈರಿನ ತುದಿಯ ಆ ಪ್ಲಗ್ಗನ್ನು ಕಿತ್ತು, ಸೊಂಟಕ್ಕೆ ಸಿಕ್ಕಿಸಿ, ಆಮೇಲೆಯೇ "ಈಗ ಹೇಳಿ" ಎನ್ನುವುದು ಆಕೆಯ ವ್ರತ. ಸೊಂಟವೆಂದರೆ ಸೀರೆಯದಲ್ಲ, ಕೊಯ್ಯುವಾಗ ಆಕೆ ತೊಡುತ್ತಿದ್ದುದು ಗಂಡನ ದಪ್ಪ ಖಾಕಿ ಪ್ಯಾಂಟು, ನೈಲಾನ್ ಹಗ್ಗದಲ್ಲಿ ಬಿಗಿದದ್ದು. ಮೊದಲ ದಿನ ಬೀದಿಗೆ ಬೀದಿಯೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತಂತೆ. "ನಗ್ರಿ, ನಗ್ರಿ. ಸೆರಗು ಚೈನಿಗೆ ಸಿಕ್ಕಿದ್ರೆ ಅಳೋಳು ನಾನು ತಾನೆ?" ಎಂದಳಂತೆ ಪಟಾಲಮ್ಮ.

ಆಕೆಯ ನಡಿಗೆಯೂ ವಿಲಕ್ಷಣವೇ. ದಿಮ್ಮಿಯ ಬಳಿಗೆ ನೇರವಾಗಿ ಹೋಗಿ ನಿಂತವಳೇ ಅಲ್ಲ. ದೇವರಿಗೆ ಪ್ರದಕ್ಷಿಣೆ ಬಂದಂತೆ ಒಂದು ಸುತ್ತು ಬಂದು, ಕತ್ತರಿಕಾಲಿನ ಸ್ಟ್ಯಾಂಡಿನ ಮೇಲೆ ಅದು ಅಲುಗದೆ ಕೂತಿದೆಯೇ, ತುಂಡು ಯಾವ ಕಡೆ ಬೀಳುತ್ತದೆ, ವೈರು ಬೆನ್ನ ಹಿಂದಿದೆಯೇ ಎಂದೆಲ್ಲ ನೋಡಿ, ಕಣ್ಣಿಗೆ ಕನ್ನಡಕವೇರಿಸಿ, ಅಲಗಿನ ನೇರಕ್ಕೆ ಮೈ ಬಾರದಂತೆ ಒಂದು ಹೆಜ್ಜೆ ಎಡಕ್ಕೆ ಸರಿದು, ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದ ಮೇಲೆಯೇ ಗುಂಡಿ ಒತ್ತುತ್ತಿದ್ದುದು. ಅಲಗಿನ ಮೂತಿ ಯಾವುದಕ್ಕೂ ತಾಗಕೂಡದು, ತಾಗಿದರೆ ಮಿಷಿನ್ನು ಮುಖಕ್ಕೇ ಎಗರುತ್ತದೆ. ಇಷ್ಟು ಸಂಭ್ರಮ ಮುಗಿಯುವಷ್ಟರಲ್ಲಿ ಬೇರೆಯವರಾದರೆ ನಾಲ್ಕು ತುಂಡು ಕೊಯ್ದು ಮುಗಿಸುತ್ತಿದ್ದರು, ನಿಜ.

ಈ ಶಿಸ್ತಿಗೆ ತೆತ್ತ ಬೆಲೆ ಗಂಡ ಮುನಿಶಾಮಿಯದು. ಕೊಡಲಿಯಲ್ಲಿ ಕೈ ಪಳಗಿದ್ದ ಅವನಿಗೆ ಮಿಷಿನ್ನಿನ ಗುಂಡಿಯನ್ನು ಒತ್ತಿಯೇ ಹಿಡಿದಿರುವುದೆಂದರೆ ಬೇಸರ. "ಬೆರಳು ನೋಯ್ತದೆ ಕಣೇ" ಎಂದು ಸೈಕಲ್ ಟ್ಯೂಬಿನ ತುಂಡೊಂದನ್ನು ಹಿಡಿಗೆ ಸುತ್ತಿ, ಗುಂಡಿ ಸದಾ ಒತ್ತಿರುವಂತೆ ಬಿಗಿದಿದ್ದ. ಒಂದು ಮಧ್ಯಾಹ್ನ ಕೊಯ್ಯುತ್ತಿದ್ದಂತೆಯೇ ಕರೆಂಟು ಹೋಯಿತು. ಪುಣ್ಯಾತ್ಮ, ಮಿಷಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಟೀ ಕುಡಿಯುತ್ತ ಕೂತ! ತುಸು ಹೊತ್ತಿಗೆ ಬೀದಿಯ ಮಕ್ಕಳೆಲ್ಲ "ಕರೆಂಟ್ ಬಂತು!" ಎಂದು ಕುಣಿದಾಡಿದವು. ಅದಕ್ಕಿಂತ ಸಂತೋಷದ ಕೂಗು ಆ ಬೀದಿಗೆ ಗೊತ್ತಿಲ್ಲ. ಮುನಿಶಾಮಿಯ ತೊಡೆಯ ಮಾಂಸ ಕಿತ್ತುಬಂದದ್ದು ಆ ಕೂಗಿನ ಜೊತೆಗೇ. ಜೀವ ಉಳಿಯಿತು, ಕಾಲಿಗೆ ಬಲ ಬರಲಿಲ್ಲ. ಅವನು ತಕ್ಕಡಿಯ ಹಿಂದೆ ಕೂತ. ಆಕೆ ಟ್ಯೂಬನ್ನು ಕಿತ್ತೆಸೆದು ಮಿಷಿನ್ನನ್ನು ಕೈಗೆತ್ತಿಕೊಂಡಳು.

ಹನ್ನೊಂದು ವರ್ಷ ಕೊಯ್ದ ಮೇಲೆ ಹೋದ ವರ್ಷ ಆಕೆಯ ಬಲಭುಜ ಸೋತಿತು. ಕೊಯ್ಯುವವರಿಲ್ಲದೆ ಡಿಪೋ ನಡೆಯದು. ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದ ಸೊಸೆ ಮೋನಿಷಾ "ನಾನು ಕುಯ್ತೀನಿ ಅತ್ತೆ" ಎಂದಾಗ ಪಟಾಲಮ್ಮ ಒಪ್ಪಲಿಲ್ಲ.

"ನಿಂಗೇನಾದ್ರೂ ಆದ್ರೆ ನಿಮ್ಮಮ್ಮಂಗೆ ಯಾವ ಮುಖ ತೋರಿಸ್ಲಿ?"

"ಡಿಪೋ ಮುಚ್ಚಿದ್ರೆ ನಂಗೆ ಯಾವ ಮುಖ ತೋರಿಸ್ತೀರಾ?"

ಸೊಸೆಯೂ ಕಡಿಮೆಯವಳಲ್ಲ. ಸರಿ, ಎರಡು ತಿಂಗಳು ಪ್ಲಗ್ಗೇ ಹಾಕದೆ ಪಾಠ ನಡೆಯಿತು: ಸುತ್ತು ಬಾ, ನಿಲ್ಲು, ಹಿಡಿ, ಇಳಿಸು, ಮತ್ತೆ ಸುತ್ತು ಬಾ. "ಕರೆಂಟಿಲ್ದೆ ಮರ ಕುಯ್ಯೋ ಸೊಸೆ" ಎಂದು ಬೀದಿ ಆಡಿಕೊಂಡಿತು. ಮೋನಿಷಾ ಸೊಪ್ಪು ಹಾಕಲಿಲ್ಲ. ಪಟಾಲಮ್ಮ ಮಾತ್ರ ಅವಳ ಹತ್ತು ಬೆರಳುಗಳನ್ನೂ ದಿನವೂ ಕಣ್ಣಲ್ಲೇ ಎಣಿಸುತ್ತಿದ್ದಳು.

ಶಿವಾಜಿನಗರದ ಅಡುಗೆ ಭಟ್ಟ ಜೀಶಾನ್ ಮದುವೆಯ ಬಿರಿಯಾನಿಗೆ ಸೌದೆ ಒಯ್ಯಲು ಬಂದ ದಿನವೇ ಮೋನಿಷಾಳ ಮೊದಲ ಕೊಯ್ತ. ರಸ್ತೆಬದಿಯಲ್ಲಿ ಉರುಳಿದ ಮರದ ದಿಮ್ಮಿ. ಎರಡು ತುಂಡು ಸಲೀಸಾಗಿ ಬಿದ್ದವು. ಮೂರನೆಯದಕ್ಕೆ ಕೈಹಾಕುವ ಮುನ್ನ ಅವಳು ಕೊಯ್ದ ಮುಖವನ್ನೇ ನೋಡುತ್ತ ನಿಂತಳು. ನಡುವೆ ಕಪ್ಪನೆಯ ಕಲೆ.

"ಜಲ್ದಿ ಅಮ್ಮಾ, ನಾಲ್ಕು ಗಂಟೆಗೆ ಬಿರಿಯಾನಿ ದೇಗ್ ಒಲೆಗೆ ಏರಿಸ್ಬೇಕು!" ಜೀಶಾನ್ ಗಡಿಯಾರ ತೋರಿಸಿದ.

ಹಳೆಯ ಗಿರಾಕಿ. ಅವನನ್ನು ಕಾಯಿಸಿದ ಅಪಖ್ಯಾತಿ ಡಿಪೋಗಿಲ್ಲ. ಪಟಾಲಮ್ಮನ ಬಾಯಿಂದ, ಆ ಪಟಾಲಮ್ಮನ ಬಾಯಿಂದಲೇ, ಮಾತು ಜಾರಿತು: "ಮರದ ಕೊಳೆ ಅಷ್ಟೆ. ಕುಯ್ಯೇ!"

ಮೋನಿಷಾ ಮಿಷಿನ್ನು ಇಳಿಸಿ ಪ್ಲಗ್ಗು ಕಿತ್ತಳು. "ಆಗಲ್ಲ ಅತ್ತೆ. ಒಳಗೆ ಕಬ್ಬಿಣ ಇದ್ರೂ ಮರ ಹೀಗೇ ಕಪ್ಪಾಗುತ್ತೆ ಅಂತ ಹೇಳ್ಕೊಟ್ಟೋರು ನೀವೇ. ಈಗ ನೀವು ಹೇಳಿದ್ರೂ ಆಗಲ್ಲ."

ಕೊಡಲಿಯಿಂದ ಕೆತ್ತಿ ನೋಡಿದಾಗ ಒಳಗೆ ಸಿಕ್ಕಿದ್ದು ಹೆಬ್ಬೆರಳುದ್ದದ ಮೊಳೆ. ಯಾವ ಕಾಲದಲ್ಲೋ ಯಾರೋ "ಮನೆ ಬಾಡಿಗೆಗಿದೆ" ಬೋರ್ಡು ಹೊಡೆದಿರಬೇಕು. ಮರ ಅದನ್ನು ನುಂಗಿಕೊಂಡು ಬೆಳೆದಿತ್ತು. ಓಡುವ ಚೈನಿಗೆ ಅದು ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಯಾರೂ ಹೇಳಬೇಕಾಗಿರಲಿಲ್ಲ. ಜೀಶಾನ್ "ಯಾ ಅಲ್ಲಾ" ಎಂದವನು ಮತ್ತೆ ಗಡಿಯಾರ ತೋರಿಸಲಿಲ್ಲ. ಪಟಾಲಮ್ಮ ತುಂಡಿನ ಮೇಲೆ ಕುಸಿದು ಕೂತು ಅತ್ತಳು. ಅಳುತ್ತಲೇ ನಗು ಬಂತು. "ನೋಡ್ದ್ಯಾ ಮೋನಿಷಾನ ಮಾವಾ, ನನ್ ಮಾತೂ ಕೇಳ್ಲಿಲ್ಲ ಇವ್ಳು!" ಎಂದು ಗಂಡನಿಗೆ ಕೂಗಿ ಹೇಳಿದಳು. ಆ ದೂರನ್ನು ಆಕೆ ವಾರವಿಡೀ, ಕಂಡಕಂಡವರ ಮುಂದೆಲ್ಲ, ಹೆಮ್ಮೆಯಿಂದ ಹೇಳಿಕೊಂಡು ತಿರುಗಿದಳು.

ಜಗತ್ತು ಇಂಥವರನ್ನು ಪುಕ್ಕಲರೆಂದು ಕರೆಯುತ್ತದೆ, ಅವರ ನಿಧಾನಕ್ಕೆ ಗೊಣಗುತ್ತದೆ. ಒಂದು ಹಳೆಯ ನೋವನ್ನು ದಿನಚರಿಯನ್ನಾಗಿ ಪಳಗಿಸಿಕೊಂಡವರು ಇವರು. ಆದರೂ ದಣಿಯುತ್ತಾರೆ, ಒಮ್ಮೊಮ್ಮೆ ತಪ್ಪುತ್ತಾರೆ. ಅಂಥ ಗಳಿಗೆಯಲ್ಲಿ ತಮ್ಮನ್ನೇ ತಡೆದು ನಿಲ್ಲಿಸುವವರೊಬ್ಬರನ್ನು ತಯಾರು ಮಾಡಿಟ್ಟಿದ್ದರೆ, ಅವರ ಕೆಲಸ ಸಾರ್ಥಕವಾಯಿತೆಂದೇ ಲೆಕ್ಕ.