ಜರ್ದಾಳು ತೋಪಿನ ಎಲೆತೂಕ

ಅಲಾಯ್ ಬೆಟ್ಟದ ಮಗ್ಗುಲಲ್ಲಿ, ನಮ್ಮ ಊರಿನ ಮೇಲ್ಗಡೆ, ಪಾದರಸದ ಕುಲುಮೆ ಇದೆ. ಅದು ಗಾಳಿಗೆ ಬಿಟ್ಟ ಪಾದರಸವನ್ನು ಜರ್ದಾಳು ಮರಗಳ ಎಲೆಗಳು ಬೇಸಿಗೆಯೆಲ್ಲ ಹೀರಿಕೊಂಡು, ಶರತ್ಕಾಲದಲ್ಲಿ ಉದುರಿ ನೆಲಕ್ಕೆ ಒಪ್ಪಿಸುತ್ತವೆ. ಉದುರಿದ ಎಲೆಯೇ ಆ ಕಾಲಕ್ಕೆ ನಮ್ಮ ಕುರಿಗಳ ಮೇವು. ಆದ್ದರಿಂದ ಜಿಲ್ಲೆಯವರು ತೋಪಿಗೆ ಬೇಲಿ ಹಾಕಿದರು. ವರ್ಷಕ್ಕೆ ಚದರ ಮೀಟರಿಗೆ ಬೀಳುವ ಪಾದರಸ ಎಂಬತ್ತು ಮೈಕ್ರೋಗ್ರಾಂ ಮೀರದಿದ್ದರೆ ಬೇಲಿ ತೆಗೆಯುವುದು, ಮೀರಿದರೆ ತೋಪನ್ನು ಮುಚ್ಚಿಬಿಡುವುದು ಎಂದು ಗೊತ್ತುಮಾಡಿದರು.

ಅಳೆಯುವ ಕೆಲಸ ಅನಾರ್ಕಾನಳಿಗೆ ಬಂತು. ನನ್ನಲ್ಲಿ ಆರು ವರ್ಷ ಗಣಿತ ಕಲಿತವಳು. ಅವಳ ಅತ್ತೆ ಬಾಟ್ಮಾಳಿಗೆ ಅರವತ್ತು ಕುರಿಗಳಿದ್ದವು. ತೋಪು ತಪ್ಪಿದರೆ ಎರಡು ದಿನದ ದಾರಿಯಾಚೆಯ ಕಣಿವೆಯೇ ಅವಕ್ಕೆ ಗತಿ.

ಅನಾರ್ಕಾನ್ ಮರಗಳ ಕೆಳಗೆ ಹನ್ನೆರಡು ಬಲೆಬುಟ್ಟಿಗಳನ್ನು ಗೂಟಗಳಿಗೆ ಕಟ್ಟಿದಳು. ಒಂದೊಂದರ ಬಾಯಿ ಅರ್ಧ ಚದರ ಮೀಟರು. ವಾರಕ್ಕೊಮ್ಮೆ ಕೈಗವಸು ತೊಟ್ಟು ಎಲೆ ತೆಗೆದು, ಒಣಗಿಸಿ, ತೂಗಿ, ನಗರದ ಪ್ರಯೋಗಾಲಯಕ್ಕೆ ಕಳಿಸುವಳು. ಮಳೆನೀರಿಗೆ ಬೇರೆ ಸೀಸೆಗಳು. ಅವಳ ಲೆಕ್ಕದಲ್ಲಿ ತಪ್ಪು ಹುಡುಕಲು ನಾನು ಶ್ರಮಿಸಿದೆ, ಸಿಗಲಿಲ್ಲ.

ಅಕ್ಟೋಬರಿನ ಎರಡನೆಯ ವಾರ ಐದು ಬುಟ್ಟಿಗಳ ಎಲೆ ತಲಾ ನಾನೂರು ಗ್ರಾಂ ತೂಗಿತು. ಉಳಿದ ಏಳರಲ್ಲಿ ಒಂದೂ ಅರವತ್ತು ದಾಟಿರಲಿಲ್ಲ.

“ಗಾಳಿ ಜೋರಿತ್ತೇನೋ, ಅಗಾಯ್?” ಎಂದಳು ಅನಾರ್ಕಾನ್. ಮೇಷ್ಟ್ರನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ.

“ಗಾಳಿ ಬುಟ್ಟಿ ಆರಿಸ್ಕೊಂಡು ಬೀಸುತ್ತಾ? ಯಾರು ಬಂದಿದ್ರು ಕೇಳು,” ಎಂದೆ.

ಕೇಳಬೇಕಾಗಲಿಲ್ಲ. ನೆರೆಮನೆಯ ಜುಮಾಗುಲ್ ಬಿಸಿ ನಾನ್ ಹಿಡಿದು ನಗುತ್ತ ಬಂದಳು.

“ಖುಷಿಯಾಯ್ತೇನೇ ಹುಡುಗಿ? ಜಿಲ್ಲೆಯವ್ರು ಬಂದು ನೋಡಿದ್ರೆ ಬುಟ್ಟಿ ತಳದಲ್ಲಿ ನಾಲ್ಕೆಲೆ! ಊರ ಮಾನ ಏನಾಗ್ಬೇಕು? ನಾವು ಹೆಂಗಸ್ರೇ ಗುಡಿಸಿ ತುಂಬಿಸಿದ್ವಿ. ಐದು ಬುಟ್ಟಿ ಆಗೋ ಹೊತ್ತಿಗೆ ಸೊಂಟ ಬಿದ್ದೋಯ್ತು.”

ನಮ್ಮಲ್ಲಿ ನೆರೆಯವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವವರಿಲ್ಲ. ಅವರ ಕೆಲಸ ಅರೆಯಾಗಿ ಕಂಡರೆ ಕರೆಯದೆಯೇ ಕೈಹಚ್ಚುತ್ತಾರೆ. ಅನಾರ್ಕಾನ್ ಬೈಯಲಿಲ್ಲ. ನಾನ್ ಮುರಿದು ಬಾಯಿಗಿಟ್ಟುಕೊಂಡಳು.

“ನಿಮ್ಮ ಕೈ ತಣ್ಣಗಿರ್ಲಿ, ಎಜೆ,” ಎಂದಳು, ಅಕ್ಕನಿಗೆ ಹೇಳುವಂತೆ. “ಆದ್ರೆ ಎಲೆ ತೂಕ ಏರಿದಷ್ಟೂ ಪಾದರಸದ ಲೆಕ್ಕ ಏರಿ ಬೇಲಿ ಗಟ್ಟಿಯಾಗುತ್ತೆ.”

ಜುಮಾಗುಲ್ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು. ಹೊಸ್ತಿಲಲ್ಲಿ ಕುಳಿತಿದ್ದ ಬಾಟ್ಮಾ ಮಧ್ಯೆ ಬಾಯಿ ಹಾಕಿದಳು.

“ಐದನ್ನ ಬಿಟ್ಟಾಕು. ಏಳರದ್ದೇ ಬರಿ.”

“ಹತ್ತು ಬುಟ್ಟಿಗಿಂತ ಕಮ್ಮಿಯಾದ್ರೆ ವರ್ಷವೇ ಲೆಕ್ಕಕ್ಕಿಲ್ಲ, ಅಪಾ,” ಎಂದು ಅನಾರ್ಕಾನ್ ಅತ್ತೆಗೆ ಹೇಳಿದಳು.

“ಹಾಗಾದ್ರೆ ಐದಕ್ಕೂ ಅರವತ್ತು ಅಂತ ಗೀಚು!”

“ಗೀಚ್ತೀನಿ. ಆ ಎಲೆ ತಿಂದ ಕುರಿ ಮಾಂಸಾನ ಮೊಮ್ಮಕ್ಕಳ ತಟ್ಟೆಗೆ ಹಾಕೋಕೆ ನಿಮಗೆ ಕೈ ಬರುತ್ತಾ?”

ಏಳು ಬುಟ್ಟಿಗಳ ಸರಾಸರಿಯನ್ನೇ ಐದಕ್ಕೂ ಹಿಡಿಯಬಹುದೆನ್ನಲು ನಾನೂ ಬಾಯಿ ತೆರೆದಿದ್ದೆ, ಮುಚ್ಚಿಕೊಂಡೆ. ಅವಳು ಪುಸ್ತಕದಲ್ಲಿ ಅಡ್ಡಗೆರೆ ಎಳೆದು ‘ವರ್ಷ ರದ್ದು’ ಎಂದು ಬರೆದಳು. ಬಾಟ್ಮಾ ಹನ್ನೊಂದು ದಿನ ಸೊಸೆಯೊಡನೆ ಮಾತಾಡಲಿಲ್ಲ. ಚಹಾ ಬೇಕಾದರೆ ಗೋಡೆಗೆ ಹೇಳುತ್ತಿದ್ದಳು. ಬೇಲಿ ತೆಗೆದಾರೆಂದು ಕಣಿವೆಗೆ ಹೊರಡದೆ ಕಾದಿದ್ದರಿಂದ, ಆ ಚಳಿಗಾಲ ಮೇವಿಲ್ಲದೆ ಅರವತ್ತು ಕುರಿ ನಲವತ್ತೊಂದಾಯಿತು.

ಅನಾರ್ಕಾನ್ ಮತ್ತೆ ಮೊದಲ ವಾರದಿಂದ ಆರಂಭಿಸಿದಳು. ಜುಮಾಗುಲ್ ಪೊರಕೆ ಹಿಡಿದು ಬುಟ್ಟಿಗಳ ಕಾವಲಿಗೆ ನಿಂತಳು. ವರ್ಷ ತುಂಬಿದಾಗ ಎಲೆಯಿಂದ ಎಪ್ಪತ್ತೊಂದು ಮೈಕ್ರೋಗ್ರಾಂ, ಮಳೆಯಿಂದ ಹದಿಮೂರು. ಒಟ್ಟು ಎಂಬತ್ತನಾಲ್ಕು. ಅವಳು ಮೂರು ಸಲ ಕೂಡಿದಳು. ನಾನು ಎರಡು ಸಲ.

ತೋಪಿನ ಬಾಗಿಲಲ್ಲಿ ಊರು ಸೇರಿತ್ತು. ಬೇಲಿ ತೆಗೆಯುವರೆಂದು ಬಾಟ್ಮಾ ಕುರಿಗಳನ್ನೂ ಹೊಡೆದುಕೊಂಡು ಬಂದಿದ್ದಳು. ಅನಾರ್ಕಾನ್ ಅಂಕಿಯನ್ನು ಓದಿದಳು. ಅವಳ ದನಿ ಏರಲಿಲ್ಲ, ಇಳಿಯಲಿಲ್ಲ.

“ನಾಲ್ಕೇ ತಾನೆ ಜಾಸ್ತಿ!” ಎಂದು ಒಬ್ಬ ಕೂಗಿದ. “ಇದನ್ನೂ ರದ್ದು ಮಾಡಮ್ಮಾ, ರೂಢಿ ಇದೆಯಲ್ಲ ನಿಂಗೆ!”

ಜನ ನಕ್ಕರು. ಬಾಟ್ಮಾ ನಗಲಿಲ್ಲ.

“ಮುಚ್ಚೋ ಬಾಯಿ. ಸುಳ್ಳು ಬರೆಯೋಳಾಗಿದ್ರೆ ನನ್ನ ಹತ್ತೊಂಬತ್ತು ಕುರಿ ಹೋಗೋಕೆ ಮುಂಚೇನೇ ಬರೀತಿದ್ಲು. ಎಂಬತ್ತನಾಲ್ಕು ಅಂದ್ರೆ ಎಂಬತ್ತನಾಲ್ಕೇ.”

ಅವಳು ಕೋಲು ಬೀಸಿ ಮಂದೆಯನ್ನು ಕಣಿವೆಯ ದಾರಿಗೆ ತಿರುಗಿಸಿದಳು. ಉಳಿದವರೂ ಒಬ್ಬೊಬ್ಬರಾಗಿ ತಿರುಗಿದರು. ಅನಾರ್ಕಾನ್ ಕಾಗದ ಮಡಚಿ, ಹಿಂದುಳಿದ ಕುಂಟು ಮರಿಯನ್ನು ಹೆಗಲಿಗೇರಿಸಿಕೊಂಡು, ಅತ್ತೆಯ ಹಿಂದೆ ನಡೆದಳು.