ಕಕ್ಕೆಯ ಹಲಗೆ

ಮೂರನೆಯ ಮೊಳೆಗೆ ಹಲಗೆ ಸೀಳಿತು. ಬಡಗಿ ಸುತ್ತಿಗೆ ಕೆಳಗಿಟ್ಟು, "ನಾನು ಮೊದ್ಲೇ ಹೇಳ್ಲಿಲ್ವಾ ಅಮ್ಮಾ? ಕಕ್ಕೆ ಮರ ಒಲೆಗೇ ಸರಿ. ಹೆಣದ ಪೆಟ್ಟಿಗೆಗೆಲ್ಲ ಆಗೋದಲ್ಲ," ಎಂದ.

ಒಳಗೆ ನಡುಮನೆಯಲ್ಲಿ ಗಂಡನನ್ನು ಮಲಗಿಸಿದ್ದರು. ಹಿತ್ತಿಲಲ್ಲಿ ನಿಂತ ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. "ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ! ತೇಗಕ್ಕೆ ಹೊಡೆದ ಹಾಗೆ ಹೊಡೆದ್ರೆ ಸೀಳದೆ ಇನ್ನೇನಾಗುತ್ತೆ? ಮೊದ್ಲು ಬೈರಿಗೇಲಿ ತೂತು ಕೊರೀಬೇಕು."

ಮೈದುನ ಹತ್ತಿರ ಬಂದ. ಊರಿಗೆಲ್ಲ ತೇಗದ ಮಂಚ, ಬೀರು ಮಾರುವವನು. ಅಂಗಡಿಯ ಜೊತೆಗೆ ಹೊಟ್ಟೆಯೂ ಬೆಳೆದಿತ್ತು. "ಅತ್ತಿಗೆ, ಹಟ ಬಿಡಿ. ತೇಗದ ಪೆಟ್ಟಿಗೆ ತಂದು ಬಾಗಿಲಲ್ಲೇ ಇಟ್ಟಿದೀನಿ. ಅಣ್ಣನ್ನ ಸೌದೇಲಿ ಹೊತ್ಕೊಂಡು ಹೋದ್ರೆ ನಾಲ್ಕು ಜನ ನಗಲ್ವಾ? ದಾರೀಲಿ ತಳ ಕಿತ್ತುಹೋದ್ರೆ?"

*

ಸೌದೆ. ಆ ಮಾತನ್ನು ಅವಳು ಹಿಂದೆಯೂ ಕೇಳಿದ್ದಳು. ಗಂಡನಿಗೆ ಮರ ಪರೀಕ್ಷಿಸುವ ಕಚೇರಿಯಲ್ಲಿ ಕೆಲಸ. ಯಾರಿಗೂ ಬೇಡದ ಮರಗಳನ್ನು ಯಂತ್ರಕ್ಕೆ ಕೊಟ್ಟು ಬಾಗಿಸಿ, ಒತ್ತಿ, ಮುರಿದು, ಯಾವುದು ಎಷ್ಟು ಭಾರ ತಾಳುತ್ತದೆಂದು ನೋಡುವುದು. ಕಕ್ಕೆ ತಾಳುತ್ತದೆಂದು ಗೊತ್ತಾದ ದಿನ ಒಂದಷ್ಟು ಕಕ್ಕೆ ಹಲಗೆಗಳನ್ನು ಗಾಡಿಗೆ ಹೇರಿ, ಅವಳನ್ನೂ ಕರೆದುಕೊಂಡು ತಮ್ಮನ ಅಂಗಡಿಗೆ ಓಡಿದ್ದ.

"ಒಂದೇ ಒಂದು ಕುರ್ಚಿ ಮಾಡಿಸೋ. ತೇಗ ಕಡಿದು ಕಡಿದು ಖಾಲಿಯಾಗ್ತಿದೆ. ಇದನ್ನ ಯಾರೂ ಮೂಸಿನೋಡಲ್ಲ."

"ಸೌದೆ ಮೇಲೆ ಯಾರು ಕೂತ್ಕೋತಾರಣ್ಣಾ?" ಗಿರಾಕಿಗಳ ಎದುರಿಗೇ ತಮ್ಮ ನಕ್ಕ. ಗಿರಾಕಿಗಳೂ ನಕ್ಕರು. ಗಂಡನೂ ನಕ್ಕುಬಿಟ್ಟ. ಅವನು ನಕ್ಕಿದ್ದನ್ನು ಅವಳು ಇವತ್ತಿಗೂ ಕ್ಷಮಿಸಿರಲಿಲ್ಲ.

ಮನೆಗೆ ಬಂದು ಆ ಹಲಗೆಗಳನ್ನು ಹಿತ್ತಿಲ ಮಾಡಿನ ಕೆಳಗೆ ಒಣಗಲಿಟ್ಟು, "ಯಾರಿಗೂ ಬೇಡ್ವಾ, ನನ್ನ ಪೆಟ್ಟಿಗೆಗಾದ್ರೂ ಆಗುತ್ತೆ ಬಿಡು," ಎಂದಿದ್ದ.

*

ಅವಳು ಬಡಗಿಯ ಚೀಲದಿಂದ ಬೈರಿಗೆ ಎಳೆದುಕೊಂಡು ತಾನೇ ತೂತು ಕೊರೆದಳು. "ಈಗ ಹೊಡಿ." ಮೊಳೆ ನೆಟ್ಟಗೆ ಇಳಿಯಿತು. ಹಲಗೆ ಸೀಳಲಿಲ್ಲ.

"ಮೊಳೆ ಇಳಿದ್ರೆ ಆಯ್ತಾ?" ಎಂದ ಮೈದುನ. "ಭಾರ ತಾಳಬೇಕಲ್ಲ!"

ಅವಳು ಎರಡು ಸ್ಟೂಲುಗಳ ಮೇಲೆ ಒಂದು ಹಲಗೆಯನ್ನು ಅಡ್ಡ ಹಾಕಿದಳು. "ಹತ್ತು ಮೇಲೆ."

"ಏನಂದ್ರಿ?"

"ನಿಮ್ಮಣ್ಣ ನಿನ್ನ ಅರ್ಧದಷ್ಟೂ ಇರ್ಲಿಲ್ಲ. ಹತ್ತೋ!"

ಕೂಗಿಗೆ ಒಳಗಿದ್ದವರೆಲ್ಲ ಹಿತ್ತಿಲಿಗೆ ಬಂದರು. ಅಷ್ಟು ಜನರೆದುರು ಹಿಂದೆ ಸರಿಯುವುದೂ ಕಷ್ಟ. ಮೈದುನ ಚಪ್ಪಲಿ ಬಿಟ್ಟು, ಬಡಗಿಯ ಭುಜ ಹಿಡಿದು, ಏದುಸಿರು ಬಿಡುತ್ತ ಹತ್ತಿದ. ಹಲಗೆ ತುಸು ಬಾಗಿತು. ಅಲ್ಲಿಗೇ ನಿಂತಿತು.

"ಆಯ್ತಲ್ಲ ಅತ್ತಿಗೆ? ಇಳೀಲಾ?"

"ಪೆಟ್ಟಿಗೆ ಮುಗಿಯೋವರೆಗೂ ಅಲ್ಲೇ ನಿಂತಿರು."

ಅವಳು ನೆಲದಲ್ಲಿ ಕೂತು ಇನ್ನೊಂದು ಹಲಗೆ ಎಳೆದುಕೊಂಡು ಕೊರೆಯತೊಡಗಿದಳು. ಬಡಗಿ ಮೊಳೆ ಹೊಡೆಯುತ್ತ ಹೋದ. ಮೈದುನ ಎರಡೂ ಕೈ ಚಾಚಿಕೊಂಡು, ಬಂದವರೆಲ್ಲರ ತಲೆಗಿಂತ ಎತ್ತರದಲ್ಲಿ, ಸೌದೆಯ ಮೇಲೆ ನಿಂತೇ ಇದ್ದ.